ಭಾಗ್ಯಶ್ರೀಯ ಪರವಾಗಿ ಒಂದು ಮಾತು

ಜರ್ಮನಿಯಿಂದ ಅಪ್ಪನಿಗೆ ಶ್ವೇತಾಳ ನಮಸ್ಕಾರ.

"ಹೆಸರಾದ ಯೂನಿವರ್ಸಿಟಿ ಕರದ್ರೂ ಆ ಸಣ್ಣದಕ್ಕ ಹೊಂಟೀಯಲ್ಲ, ಹುಚ್ಚಿ!" ಎಂದು ಹಿರೇಕೆರೂರಿನ ಬಸ್‌ಸ್ಟ್ಯಾಂಡಿನಲ್ಲಿ ಬೈದರೂ ನೀವೇ ಕಳಿಸಿಕೊಟ್ಟಿರಿ. ಇಲ್ಲಿ ನಮ್ಮ ಮೇಡಂ ಪಕ್ಕದಲ್ಲೇ ಕುಳಿತು ಗೋವಿನಜೋಳದ ರೋಗಗಳನ್ನು ಕಲಿಸುತ್ತಾರೆ. ನಾನು ತಪ್ಪಿದರೆ ನಕ್ಕು, ಮತ್ತೆ ಹೇಳಿಕೊಡುತ್ತಾರೆ.

ಆ ಹೆಸರಾದ ಯೂನಿವರ್ಸಿಟಿಗೇ ಸೇರಿದ ನನ್ನ ಗೆಳತಿ, ತಡಸದ ಭಾಗ್ಯಶ್ರೀ, ನಿನ್ನೆ ಬಂದಿದ್ದಳು. "ವರ್ಷ ಆತು, ನಮ್ಮ ಸರ್‌ಗೆ ನನ್ನ ಹೆಸರೂ ಗೊತ್ತಿಲ್ಲ ನೋಡ, ಶ್ವೇತಾ" ಎಂದು ಅತ್ತಳು. ಇಡೀ ದಿನ ನಮ್ಮ ಲ್ಯಾಬಿನಲ್ಲಿ ಕಳೆದು, ಸಂಜೆ ನಗುತ್ತ ಹೊರಬಂದಳು. ಇಲ್ಲಿಗೇ ಸೇರುತ್ತಾಳಂತೆ. ಮೇಡಂ ಒಪ್ಪಿದ್ದಾರೆ, ಆದರೆ ಅವಳ ಅಪ್ಪ ಒಪ್ಪುತ್ತಿಲ್ಲ.

ದಯವಿಟ್ಟು ನೀವೇ ತಡಸಕ್ಕೆ ಹೋಗಿ ಅವರಿಗೆ ತಿಳಿಹೇಳಿ. ಮೊದಲು ಅವರು ಕೂಗಾಡುತ್ತಾರೆ. ಚಹಾ ಬರುವವರೆಗೆ ಸುಮ್ಮನಿದ್ದು, ಆಮೇಲೆ ಮಾತು ತೆಗೆಯಿರಿ.

ನಿಮ್ಮ ಮಗಳು,
ಶ್ವೇತಾ