ಸೋದರಮಾವನ ತೊಡೆ

ಇಸವಿ ೨೪೧೯, ಫೆಬ್ರುವರಿ ಮೂವತ್ತೊಂದು
ಹೊಸಕಾವಲು, ಚಂದ್ರನ ಹಿಂಬದಿ

ನಾಲ್ಕು ನೂರು ವರ್ಷ ಹಿಂದಿರುವ ಹಿರಿಯರಿಗೆ ಕೆಂಡಗಣ್ಣನ ನಮಸ್ಕಾರ. ಇಲ್ಲಿ ಫೆಬ್ರುವರಿಗೂ ಮೂವತ್ತೊಂದು ದಿನ, ಗಾಬರಿಯಾಗಬೇಡಿ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಭೂಮಿಯ ಹಳ್ಳಿಶಾಲೆಯಲ್ಲಿ ಏಳನೇ ತರಗತಿ ಓದಿದವನು. ಅದೂ ಎರಡು ಸಲ, ಅಷ್ಟು ಗಟ್ಟಿ.

ಇಲ್ಲಿ ಮಕ್ಕಳಿಗೆ ಹತ್ತು ತುಂಬಿದಾಗ ಕಿವಿಯ ಹಿಂದೆ ಬಿಲ್ಲೆ ಕೂರಿಸುತ್ತಾರೆ. ಹೆಸರುಕಾಳಿನಷ್ಟು ಪುಟ್ಟದು, ನಾನೂರು ಕಸುಬು ಅದರೊಳಗೇ ಇರುತ್ತವೆ. ಆದರೆ ಅದರಲ್ಲಿಲ್ಲದ್ದು ಎದುರಾದರೆ ಇವರು ಕೈಕಟ್ಟಿ ಹೊಸ ಬಿಲ್ಲೆಗೆ ಕಾಯುತ್ತಾರೆ. ಒಂದು ಕಡೆ ಕಂಡದ್ದನ್ನು ಇನ್ನೊಂದು ಕಡೆಗೆ ಒಗ್ಗಿಸುವುದು ಇವರ ಮಿದುಳಿಗೆ ಮರೆತೇ ಹೋಗಿದೆ. ಬೆಳೆದ ಮೇಲೆ ಇಲ್ಲಿಗೆ ಬಂದ ನನಗೆ ಬಿಲ್ಲೆಯೇ ಇಲ್ಲ. ಹೋದ ವರ್ಷ ನಮ್ಮ ಓಣಿಯ ಉಸಿರುಕೊಳವೆ, ಅಂದರೆ ಮನೆಮನೆಗೆ ಗಾಳಿ ತರುವ ಕೊಳವೆ, ಸೀಳಿತು. ಹದಿನಾರು ಎಂಜಿನಿಯರುಗಳು ನಿಂತು ನೋಡಿದರು. ಕಡುಬಿನ ಪಾತ್ರೆಯಿಂದ ಹಬೆ ಸೋರಿದರೆ ನಮ್ಮವ್ವ ಸುತ್ತ ಹಿಟ್ಟು ಮೆತ್ತುತ್ತಿದ್ದಳು. ನಾನೂ ರಾಗಿಹಿಟ್ಟು ಕಲಸಿ ಮೆತ್ತಿದೆ. ಓಣಿ ಉಸಿರಾಡಿತು. ಎಮ್ಮೆ ಪಳಗಿಸಿದಂತೆ ನೀರಿನ ಯಂತ್ರವನ್ನು ಪಳಗಿಸಹೋಗಿ ಮೂರು ದಿನ ನೀರು ನಿಲ್ಲಿಸಿದವನೂ ನಾನೇ. ಅದನ್ನು ಯಾರಿಗೂ ಹೇಳಬೇಡಿ.

ಇದನ್ನೆಲ್ಲ ಕೇಳಲು ಇದ್ದವಳು ತಂಗಿ ದೇವೀರಮ್ಮನ ಮಗಳು ಹೊನ್ನಿ ಒಬ್ಬಳೇ. "ಹಿಟ್ಟೇ ಯಾಕ್ ಮಾವ? ಮಣ್ಣಾಗಿದ್ರೆ?" ಎಂದು ತಲೆ ತಿನ್ನುತ್ತಿದ್ದಳು. ಅವಳು ಯೋಚಿಸುವ ಮೊದಲೇ ಉತ್ತರ ಹೇಳಿ ನಾನು ಮೀಸೆ ತಿರುವುತ್ತಿದ್ದೆ.

ಈ ತಿಂಗಳು ಅವಳಿಗೆ ಹತ್ತು ತುಂಬಿತು. ಕಿವಿ ಚುಚ್ಚಿಸುವ ಪದ್ಧತಿ ಇಲ್ಲಿಗೂ ಬಂದಿದೆ: ಸೋದರಮಾವನ ತೊಡೆಯ ಮೇಲೆ ಕೂರಿಸದೆ ಬಿಲ್ಲೆ ಹಾಕುವಂತಿಲ್ಲ. ತೊಡೆ ಕೊಡುವುದಿಲ್ಲ ಎಂದುಬಿಟ್ಟೆ.

"ನಿನ್ನಂಗೆ ಒಂಟಿ ಪಿಶಾಚಿ ಆಗ್ಲಿ ಅಂತಾನಾ ಅಣ್ಣ?" ಎಂದು ದೇವೀರಮ್ಮ ಕೂಗಾಡಿದಳು. ಅವಳಿಗೆ ಜವಾಬು ಕೊಟ್ಟೆ. ಆದರೆ ಹೊನ್ನಿ ಮೆಲ್ಲಗೆ ಕೇಳಿದಳು: "ಎಲ್ರೂ ಹಾಕಿಸ್ಕೊಂಡವ್ರೆ. ನನ್ ಜೊತೆ ಯಾರ್ ಆಡ್ತಾರೆ ಮಾವ? ನಿನ್ ಜೊತೆ ಯಾರ್ ಮಾತಾಡ್ತಾರೆ ಹೇಳು?"

ತೊಡೆ ಕೊಟ್ಟೆ.

ನಿನ್ನೆ ಅವರ ಅಡುಗೆಮನೆಯ ಬಾಗಿಲು ಸಿಕ್ಕಿಕೊಂಡಿತು. ಹೊನ್ನಿ ಅದರ ಮುಂದೆ ಸುಮ್ಮನೆ ಕೂತಳು. ಉಪಾಯ ಗೊತ್ತಿದ್ದರೂ ಹೇಳದೆ ನಾನೂ ಪಕ್ಕದಲ್ಲಿ ಕೂತೆ, ಒಮ್ಮೆ ನನ್ನತ್ತ ತಿರುಗಿಯಾಳು ಎಂದು. ಸಂಜೆಗೆ ಬಾಗಿಲಿನ ಬಿಲ್ಲೆ ಬಂತು. ಕ್ಷಣದಲ್ಲಿ ತೆರೆದು, ಗೆಳತಿಯರ ಜೊತೆ ಆಡಲು ಓಡಿದಳು. ನಗುತ್ತಲೇ ಓಡಿದಳು, ಸುಳ್ಳು ಹೇಳಬಾರದು.

ಉತ್ತರಗಳನ್ನು ಅಷ್ಟು ಬೇಗ ಕೈಗಿಡುತ್ತಿದ್ದ ನಾನೂ ಅವಳಿಗೆ ಒಂದು ಬಿಲ್ಲೆಯೇ ಆಗಿದ್ದೆನೇನೋ. ನಿಮ್ಮ ಮಕ್ಕಳು ತಪ್ಪುತಪ್ಪಾಗಿ ತಡಕಾಡುತ್ತಿದ್ದರೆ, ದಯವಿಟ್ಟು, ಇನ್ನೊಂದಿಷ್ಟು ಹೊತ್ತು ಬಿಡಿ.

ಇಂತು ನಿಮ್ಮ ಕುಡಿ,
ಕೆಂಡಗಣ್ಣ