ಹಸಿರು ಪುಸ್ತಕದ ಖಾಲಿ ಪುಟಗಳು

ಸಿಂಧನೂರು
12 ನವೆಂಬರ್ 2025, ಬುಧವಾರ

ತಂಗಿ ಅಮರೇಶ್ವರಿಗೆ,

ಮಾರ್ಚ್ ತಿಂಗಳಿನಿಂದ ನೀನು ನನ್ನ ಫೋನ್ ಎತ್ತಿಲ್ಲ. ಎತ್ತು ಎನ್ನುವ ಅಧಿಕಾರ ನನಗಿಲ್ಲ. ಆದ್ದರಿಂದ ಈ ಕಾಗದ. ಲಿಂಗಸುಗೂರಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನೀನು ರೋಗಿಗಳ ಹೆಸರಿನ ಚೀಟಿ ಬರೆಯುತ್ತಿರುವೆಯೆಂದು ಮಸ್ಕಿಯ ಅಂಬಮ್ಮ ಅತ್ತೆ ಹೇಳಿದರು. ಹದಿನೇಳು ವರ್ಷ ಮಕ್ಕಳ ವಾರ್ಡಿನಲ್ಲಿ ನರ್ಸಾಗಿ ದುಡಿದವಳು ನೀನು. ನಿನ್ನ ಹೆಸರಿಗೆ ಅಂಟಿದ ತಪ್ಪು ನಿನ್ನದಲ್ಲ ಎಂದು ತಿಳಿಸಲು ಬರೆಯುತ್ತಿದ್ದೇನೆ.

ನಮ್ಮ ಆಸ್ಪತ್ರೆಯಲ್ಲಿ ಇಟ್ಟ ಹಸಿರು ಪುಸ್ತಕ ನಿನಗೆ ನೆನಪಿರಬೇಕು. ಆದ ತಪ್ಪು, ಆಗುವ ಮೊದಲೇ ತಡೆದದ್ದು, ಎರಡನ್ನೂ ಅದರಲ್ಲಿ ಬರೆಯಿರಿ, ಹೆಸರು ಬೇಡ ಎಂದು ಆಡಳಿತದವರು ಹೇಳಿದ್ದರು. ಒಂದು ವಾರ ಯಾರೂ ಮುಟ್ಟಲಿಲ್ಲ. ಮೊದಲು ಬರೆದವಳು ನೀನು: ಎರಡು ಕೂಸುಗಳ ಕೈಪಟ್ಟಿ ಅದಲುಬದಲಾದದ್ದನ್ನು. ಆಮೇಲೆ ಉಳಿದವರಿಗೂ ಧೈರ್ಯ ಬಂತು. ಮೂರು ತಿಂಗಳಲ್ಲಿ ನಲವತ್ತೊಂದು ಬರಹಗಳು ಬಂದವು. ಆಸ್ಪತ್ರೆಯ ಯಂತ್ರಗಳನ್ನು ನೋಡಿಕೊಳ್ಳುವ ನನಗೆ ಅಷ್ಟು ಉಪಯುಕ್ತವಾದ ದಾಖಲೆ ಹಿಂದೆಂದೂ ಸಿಕ್ಕಿರಲಿಲ್ಲ.

ಮಾರ್ಚ್ ಆರರಂದು ನೀನು ಬರೆದದ್ದು ಇದು: ಸಲೈನ್ ಪಂಪಿನಲ್ಲಿ ಗಂಟೆಗೆ ಹತ್ತು ಮಿ.ಲೀ. ಬದಲು ನೂರು ಬಿದ್ದಿತ್ತು, ಎರಡು ನಿಮಿಷದಲ್ಲಿ ಕಂಡು ನಿಲ್ಲಿಸಿದೆ, ಮಗುವಿಗೆ ತೊಂದರೆಯಾಗಿಲ್ಲ, ಒತ್ತಿದ ಮೇಲೆ ಇನ್ನೊಮ್ಮೆ ಓದದಿದ್ದದ್ದು ನನ್ನ ತಪ್ಪು.

ಮರುದಿನ ಆಡಳಿತಾಧಿಕಾರಿ ನನ್ನನ್ನು ಕರೆದು ಆ ಪುಟ ತೋರಿಸಿದರು. "ಕರಿಬಸಯ್ಯನವರ, ಇದು ನಿಮ್ಮ ತಂಗಿ ಅಕ್ಷರ ಏನ್ರಿ? ಬರೇ ತಿಳ್ಕೊಳ್ಳಾಕ ಕೇಳಾಕತ್ತೀನಿ."

ಹೌದು ಎಂದೆ. ಒಂದೇ ಮಾತು. ಅದರ ಮೇಲೆ ನಿನಗೆ ಎಚ್ಚರಿಕೆಯ ಷರಾ ಬಿತ್ತು, ವಾರ್ಡಿನಿಂದ ತೆಗೆದು ಚೀಟಿ ಕಿಟಕಿಗೆ ಕೂರಿಸಿದರು, ಹದಿನೈದು ದಿನದಲ್ಲಿ ನೀನು ಕೆಲಸ ಬಿಟ್ಟೆ.

ಆಮೇಲೆ ಆ ಪುಸ್ತಕದಲ್ಲಿ ಒಂದಕ್ಷರವೂ ಬೀಳಲಿಲ್ಲ. ವರಾಂಡದ ಫಲಕದಲ್ಲಿ ತಿಂಗಳು ತಿಂಗಳೂ ತಪ್ಪುಗಳು ಸೊನ್ನೆ ಎಂದು ಬರೆಯುತ್ತಿದ್ದರು. ತಪಾಸಣೆಗೆ ಬಂದವರು ಅದರ ಫೋಟೊ ತೆಗೆದುಕೊಂಡು ಹೋದರು.

ಅಕ್ಟೋಬರಿನಲ್ಲಿ ಸಂತೆಕಲ್ಲೂರಿನ ಪಕೀರಮ್ಮ ನ್ಯುಮೋನಿಯಾ ಆದ ನಾಲ್ಕು ವರ್ಷದ ಮಗಳನ್ನು ಕರೆತಂದಳು. ಮೂರನೆಯ ಹಾಸಿಗೆ. ಆ ಹಾಸಿಗೆಯ ಆಕ್ಸಿಜನ್ ಕೊಳವೆಯ ಜೋಡಣೆ ಸಡಿಲವಾಗಿತ್ತು. ಅದು ವಾರ್ಡಿನವರಿಗೆಲ್ಲ ಗೊತ್ತಿತ್ತು. ಪ್ಲಾಸ್ಟರ್ ಸುತ್ತಿಕೊಂಡು ನಡೆಸುತ್ತಿದ್ದರು. ನನಗೊಬ್ಬನಿಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಪ್ಲಾಸ್ಟರ್ ಬಿಚ್ಚಿಕೊಂಡಿತು. ಮಗಳ ತುಟಿ ನೀಲಿಯಾದದ್ದನ್ನು ಪಕೀರಮ್ಮ ನೋಡಿ ಕೂಗದಿದ್ದರೆ ಆ ಮಗು ಇಂದು ಇರುತ್ತಿರಲಿಲ್ಲ. ನಿನ್ನ ಜಾಗಕ್ಕೆ ಬಂದ ಹಸೀನಾಬೀಯನ್ನು ಏಕೆ ಬರೆಯಲಿಲ್ಲವೆಂದು ಕೇಳಿದೆ. ಅವಳು ಕೊಳವೆ ಒರೆಸುತ್ತಲೇ ಹೇಳಿದಳು: "ಬರದಾಕಿ ಎಲ್ಲಿಗೆ ಹೋದ್ಲು ಅಂತ ನಮಗ ಗೊತ್ತಿಲ್ಲೇನ್ರಿ ಸರ? ನಿಮ್ಮ ಸೊನ್ನಿ ಭಾಳ ಚಲೋ ಕಾಣಾಕತ್ತೈತಿ ಬಿಡ್ರಿ, ಅಳಸಬ್ಯಾಡ್ರಿ."

ಇಲ್ಲಿಯವರೆಗೆ ಬರೆದದ್ದು ನಿನಗೆ ಊಹೆಗೆ ಸಿಗುವಂಥದ್ದು. ಮುಂದಿನದು ನನಗೊಬ್ಬನಿಗೆ ಗೊತ್ತಿದ್ದದ್ದು.

ಆ ಪಂಪಿನ ಸೊನ್ನೆಯ ಗುಂಡಿ ಸಿಕ್ಕಿಕೊಳ್ಳುತ್ತಿತ್ತು. ಒಮ್ಮೆ ಒತ್ತಿದರೆ ಕೆಲವು ಸಲ ಎರಡು ಸೊನ್ನೆ ಬೀಳುತ್ತಿದ್ದವು. ಫೆಬ್ರವರಿಯಲ್ಲಿಯೇ ಅದನ್ನು ಕಂಡಿದ್ದೆ. ಹೊಸ ಗುಂಡಿಫಲಕ ಬರುವುದು ತಡವಾಗುತ್ತದೆಂದು, ಸ್ಪಿರಿಟ್‌ನಿಂದ ಒರೆಸಿ, ಹತ್ತು ಬಾರಿ ಒತ್ತಿ ನೋಡಿ, ವಾರ್ಡಿಗೆ ಮರಳಿಸಿದೆ. ಯಾರಿಗೂ ಹೇಳಲಿಲ್ಲ. ಆಡಳಿತಾಧಿಕಾರಿ ಆ ಪುಟ ತೋರಿಸಿದ ಕ್ಷಣದಲ್ಲಿಯೇ, ನೂರು ಬಿದ್ದದ್ದು ಆ ಗುಂಡಿಯಿಂದ ಎಂದು ನನಗೆ ತಿಳಿಯಿತು. ಅವರು ಕೇಳಿದ್ದು ಅಕ್ಷರದ ಬಗ್ಗೆ; ನಾನು ಅಕ್ಷರದ ಬಗ್ಗೆ ಮಾತ್ರ ಉತ್ತರಿಸಿದೆ.

ಪಕೀರಮ್ಮನ ಮಗಳ ವಿಷಯ ವಿಚಾರಿಸಲು ಸೋಮವಾರ ಕೂತ ಆಸ್ಪತ್ರೆಯ ಸಮಿತಿಯ ಮುಂದೆ ಇದನ್ನು ಹೇಳಿದೆ. ಪುಸ್ತಕದಲ್ಲೂ ಬರೆದೆ, ಹೆಸರು ಹಾಕಿ. ನಿನ್ನ ಮೇಲಿನ ಷರಾ ತೆಗೆಯಲು ಒಪ್ಪಿದ್ದಾರೆ. ಆದೇಶದ ಪ್ರತಿ ಲಗತ್ತಿಸಿದ್ದೇನೆ. ವಾರ್ಡಿಗೆ ಮರಳುವುದೂ ಬಿಡುವುದೂ ನಿನ್ನ ಇಚ್ಛೆ. ನನ್ನನ್ನು ಕ್ಷಮಿಸುವ ಮಾತನ್ನು ಅದಕ್ಕೆ ಜೋಡಿಸಬೇಡ.

ನಿನ್ನ ಅಣ್ಣ,
ಕರಿಬಸಯ್ಯ

ತಾ.ಕ.: ಬರೆಯುವುದಾದರೆ ಗೊರೇಬಾಳದ ಮನೆಗೆ ಬರೆ, ಆಸ್ಪತ್ರೆಯಲ್ಲಿ ನನಗಿನ್ನು ಕೆಲಸವಿಲ್ಲ. ನಿನ್ನೆ ಕೀಲಿಕೈ ಒಪ್ಪಿಸಿ ಹೊರಟಾಗ ಹಸೀನಾಬೀ ಬಾಗಿಲ ಬಳಿ ನಿಂತಿದ್ದಳು. "ಹಂಗಾರ ಇನ್ನ ನಾವು ಆ ಪುಸ್ತಕದಾಗ ಬರೀಬೇಕೋ, ಬ್ಯಾಡೋ ಸರ?" ಎಂದು ಕೇಳಿದಳು. ನನ್ನ ತಂಗಿಯನ್ನು ಕೇಳಿ ಹೇಳುತ್ತೇನೆ ಎಂದು ಬಂದಿದ್ದೇನೆ.