ಬಾಲವಿಲ್ಲದ ಬೂಷ್ಟು

ಚನ್ನಪಟ್ಟಣ
೧೪ ನವೆಂಬರ್ ೧೯೩೧

ತೀರ್ಥರೂಪ ಅಪ್ಪಾಜಿಯವರ ಪಾದಕ್ಕೆ ಗಿರಿಜೆಯ ಶರಣು.

ಮಾಗಡಿಯಿಂದ ನಿಮ್ಮ ಮೂರು ಕಾಗದ ಬಂದರೂ ಉತ್ತರಿಸಲಿಲ್ಲ, ತಪ್ಪು ನನ್ನದೇ. ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದೀರಾ? ಇಲ್ಲಿಯ ಸುದ್ದಿಯನ್ನು ನಿಮ್ಮ ಕಂಪನಿ ನಾಟಕದ ಹಾಗೇ ಪರದೆ ಎತ್ತಿ ಹೇಳುತ್ತೇನೆ. ಕೇಳಿ!

ಹೋದ ವಾರ ಹೊಂಗನೂರಿನ ಹಿಪ್ಪುನೇರಳೆ ತೋಟದಲ್ಲಿ ಎಲೆಗಳ ಬೆನ್ನು ನೋಡುತ್ತ ಕೂತಿದ್ದೆ. ತೋಟದ ದಾಸಪ್ಪ ಬಂದವನೇ ಅಂದ: "ಅವ್ವಾ, ಎಲೆಗೆ ಬೂದಿ ಹಿಡಿಯೋದು ಯಾಕೇಂತ ನಿಮ್ಮ ಇಲಾಖೆ ದೊಡ್ಡ ಸಾಹೇಬ್ರು ಕಂಡುಹಿಡ್ದವ್ರಂತೆ, ಪುಸ್ತಕಾನೇ ಅಚ್ಚಾಗೈತಂತೆ! ಅವ್ರು ಯಾವತ್ತು ಬಂದಿದ್ರು ಇಲ್ಲಿಗೆ? ಮೂರು ವರ್ಷ ಈ ಮಣ್ಣಲ್ಲಿ ಮಂಡಿಯೂರಿದ್ದು ನೀವಲ್ವೇನವ್ವಾ?"

ಪುಸ್ತಕ ತರಿಸಿ ನೋಡಿದೆ. ಅಯ್ಯೋ ಅಪ್ಪಾಜಿ! ಒಂದೊಂದು ಚಿತ್ರವೂ ನಾನು ಕೈಯಾರೆ ಬರೆದದ್ದು. ಹೆಸರು ಮಾತ್ರ ಸಾಹೇಬರದು. ಸಾಕ್ಷಿ ಬೇಕೆ? ನನ್ನ ಸೂಕ್ಷ್ಮದರ್ಶಕದ ಗಾಜಿನ ಮೇಲೊಂದು ಗೀರಿದೆ. ಮೊದಲ ತಿಂಗಳು ಅದನ್ನೇ ಆ ಬೂದಿರೋಗ ತರುವ ಬೂಷ್ಟಿನ ಬಾಲವೆಂದು ನಂಬಿ ಶ್ರದ್ಧೆಯಿಂದ ಬರೆದಿದ್ದೆ. ಆಮೇಲೆ ತಿಳಿದು ನಾಚಿಕೊಂಡೆ, ಆದರೂ ಹಾಳೆ ಹರಿಯಲಿಲ್ಲ. ಆ ಬಾಲ ಅಚ್ಚಿನಲ್ಲಿ ಹಾಗೇ ಕೂತಿದೆ! "ಈ ಬಾಲದಿಂದಲೇ ಬೂಷ್ಟು ಎಲೆಯನ್ನು ಕಚ್ಚಿ ಹಿಡಿಯುತ್ತದೆ" ಎಂದು ಸಾಹೇಬರ ಗಂಭೀರ ವಿವರಣೆ ಬೇರೆ. ನಕ್ಕೆ. ನಗುತ್ತಲೇ ಅತ್ತೆ. ಕಳ್ಳ, ಕಳ್ಳ ಎಂದು ಚನ್ನಪಟ್ಟಣಕ್ಕೆಲ್ಲ ಕೇಳುವಂತೆ ಕೂಗಬೇಕೆನಿಸಿತು.

ಗಂಡು ಹುಡುಗರ ನಡುವೆ ನನ್ನೊಬ್ಬಳನ್ನೇ ಸಸ್ಯಶಾಸ್ತ್ರ ಓದಲು ಕೂರಿಸಿದವರು ನೀವು. ಯುಗಾದಿಗೆ ಬಂದಾಗ ಆ ಹಾಳೆಗಳಿಗೆ ಬೈಂಡು ಹಾಕಿಸಿ, ಇಲಾಖೆಗೆ ನಾನೇ ಮುಟ್ಟಿಸುತ್ತೇನೆಂದು ಎದೆಗವಚಿಕೊಂಡು ಒಯ್ದಿರಿ. "ನನ್ನ ಮಗಳು ಗೆದ್ದುಬುಟ್ಲು ಕಣ್ರಪ್ಪೋ!" ಎಂದು ಬಸ್ಸಿನಲ್ಲಿದ್ದವರಿಗೆಲ್ಲ ಸಾರಿದಿರಿ. ಆ ಕಂಠ ಇನ್ನೂ ಕಿವಿಯಲ್ಲಿದೆ.

ಚಳಿ ಬಂತು, ಕಿವಿಗೆ ಬಟ್ಟೆ ಸುತ್ತಿಕೊಳ್ಳಿ. ಶಿವ ನಿಮ್ಮನ್ನು ನೂರು ವರ್ಷ ಇಟ್ಟಿರಲಿ.

ನಿಮ್ಮ ಮಗಳು
ಗಿರಿಜಾಂಬ

ಮತ್ತೊಂದು ಮಾತು: ನಿನ್ನೆ ಸಾಹೇಬರನ್ನು ಅವರ ಕಚೇರಿಯಲ್ಲೇ ತಡೆದು ಕೇಳಿದೆ. ಅವರು ಬೆದರಲಿಲ್ಲ. ಕನಿಕರದಿಂದ ಒಂದು ಕಾಗದ ತೆಗೆದು ತೋರಿಸಿದರು. "ಹೆಂಗಸಿನ ಹೆಸರಿದ್ದರೆ ಯಾರೂ ಓದುವುದಿಲ್ಲ. ತಮ್ಮ ಹೆಸರಿನಲ್ಲೇ ಅಚ್ಚಾಗಲಿ." ನಿಮ್ಮದೇ ಗುಂಡನೆಯ ಅಕ್ಷರ. ಅಪ್ಪಾಜಿ, ಇಪ್ಪತ್ತು ವರ್ಷ ಸೀರೆಯುಟ್ಟು, ಬಳೆ ತೊಟ್ಟು, ರಾಣಿಯ ಪಾತ್ರದಲ್ಲಿ ಊರೂರಿನ ಚಪ್ಪಾಳೆ ಗಿಟ್ಟಿಸಿದವರು ನೀವು. ಹೆಣ್ಣಿನ ಹೆಸರಿನಿಂದಲೇ ಮೆರೆದ ನಿಮಗೆ ಮಗಳ ಹೆಸರೊಂದು ಭಾರವಾಯಿತೆ?